ಒಂದು ರೂಪಾಯಿ ಟಿಕೆಟ್ಟು, ಹನ್ನೆರಡು ಲಕ್ಷ ಕೋಟಿ ಮೇಲುಸಂಪಾದನೆ

2024ನೇ ಇಸವಿಯಲ್ಲಿ ಜಗತ್ತಿನ ವಿಮಾನ ಕಂಪನಿಗಳೆಲ್ಲ ಸೇರಿ, ಟಿಕೆಟ್ ದರ ಬಿಟ್ಟು ಬೇರೆ ಬಾಬತ್ತುಗಳಿಂದಲೇ 148.4 ಬಿಲಿಯನ್ ಡಾಲರ್ ಗಳಿಸಿದವು ಎಂದು ಐಡಿಯಾವರ್ಕ್ಸ್ ಎಂಬ ಸಂಸ್ಥೆ ಅಂದಾಜು ಮಾಡಿದೆ. ವರ್ಷಾವರ್ಷ ಇದನ್ನೇ ಲೆಕ್ಕ ಹಾಕುವುದು ಅದರ ಕಸುಬು. ಆ ವರ್ಷದ ವಿನಿಮಯ ದರದಲ್ಲಿ ರೂಪಾಯಿಗೆ ತಿರುಗಿಸಿದರೆ ಹನ್ನೆರಡು ಲಕ್ಷ ಕೋಟಿ ದಾಟುತ್ತದೆ. ಕರ್ನಾಟಕ ಸರ್ಕಾರದ 2025–26ರ ಬಜೆಟ್ಟಿನ ಗಾತ್ರ 4,09,549 ಕೋಟಿ ರೂಪಾಯಿ. ಶಾಲೆ, ಆಸ್ಪತ್ರೆ, ರಸ್ತೆ, ನೀರಾವರಿ, ನೌಕರರ ಸಂಬಳ, ಪಿಂಚಣಿ, ಸಾಲದ ಬಡ್ಡಿ, ಐದು ಗ್ಯಾರಂಟಿ ಎಲ್ಲವನ್ನೂ ಹೊತ್ತುಕೊಂಡು ಒಂದು ರಾಜ್ಯ ಮೂರು ವರ್ಷ ನಡೆಯುವಷ್ಟು ದುಡ್ಡು ಅದು. ಕಿಟಕಿ ಪಕ್ಕದ ಸೀಟು, ಎರಡು ಕಿಲೋ ಹೆಚ್ಚಿನ ಲಗೇಜು, ಒಣಗಿದ ಸ್ಯಾಂಡ್‌ವಿಚ್ಚು, ಬೇಡದ ವಿಮೆ, ‘ಕನ್ವೀನಿಯನ್ಸ್ ಫೀ’ ಇವುಗಳ ಹೆಸರಿನಲ್ಲಿ ಒಂದೇ ವರ್ಷಕ್ಕೆ ಸಂದಾಯವಾಗಿದೆ.

ಎಲ್ಲವೂ ಪ್ರಯಾಣಿಕರ ಜೇಬಿನಿಂದ ನೇರವಾಗಿ ಹೋದದ್ದೆಂದು ಹೇಳಿದರೆ ಅನ್ಯಾಯವಾದೀತು. ಮೈಲೇಜ್ ಪಾಯಿಂಟುಗಳನ್ನು ಬ್ಯಾಂಕುಗಳಿಗೆ ಸಗಟಾಗಿ ಮಾರಿದ ಹಣ, ಹೋಟೆಲು ಮತ್ತು ಬಾಡಿಗೆ ಕಾರಿನ ಕಮಿಷನ್ ಕೂಡ ಈ ಮೊತ್ತದಲ್ಲಿ ಸೇರಿವೆ. ಹಾಗಿದ್ದರೂ ಅದು ಬೆಳೆದ ವೇಗ ನೋಡಿ. ಇದೇ ಸಂಸ್ಥೆ 2010ಕ್ಕೆ ಮಾಡಿದ ಅಂದಾಜು 22.6 ಬಿಲಿಯನ್ ಡಾಲರ್. ಹದಿನಾಲ್ಕು ವರ್ಷದಲ್ಲಿ ಆರೂವರೆ ಪಟ್ಟು. ಅಷ್ಟೇ ಕಾಲದಲ್ಲಿ ವಿಮಾನ ಹತ್ತಿದವರ ಸಂಖ್ಯೆ ಸುಮಾರು 270 ಕೋಟಿಯಿಂದ 480 ಕೋಟಿಗೆ ಏರಿತು. ಎರಡು ಪಟ್ಟೂ ಆಗಲಿಲ್ಲ. ತಲಾ ಎಂಟು ಚಿಲ್ಲರೆ ಡಾಲರ್ ಇದ್ದದ್ದು ಮೂವತ್ತು ಡಾಲರ್ ಮುಟ್ಟಿತು.

ಇದರ ಪಕ್ಕದಲ್ಲಿ ಇನ್ನೊಂದು ಅಂಕಿ ಇಡಬೇಕು. ವಿಮಾನ ಕಂಪನಿಗಳ ಜಾಗತಿಕ ಒಕ್ಕೂಟವಾದ ಐಎಟಿಎ ಹೇಳುವ ಪ್ರಕಾರ 2024ರಲ್ಲಿ ಇಡೀ ಉದ್ಯಮದ ನಿವ್ವಳ ಲಾಭ 32.4 ಬಿಲಿಯನ್ ಡಾಲರ್. ಒಬ್ಬ ಪ್ರಯಾಣಿಕನ ಮೇಲೆ ಏಳು ಡಾಲರಿಗೂ ಕಡಿಮೆ. ಮೇಲುಸಂಪಾದನೆ ಮೂವತ್ತು, ಲಾಭ ಏಳು. ಎಂದ ಮೇಲೆ ಟಿಕೆಟ್ ಮಾರಿಯೇ ಬದುಕುತ್ತೇವೆ ಎಂದು ಹೊರಟ ಕಂಪನಿಗೆ ತಲಾ ಇಪ್ಪತ್ತಮೂರು ಡಾಲರ್ ನಷ್ಟ. ಜಾಹೀರಾತಿನಲ್ಲಿ ಹೂವಿನಷ್ಟು ದೊಡ್ಡ ಅಕ್ಷರದಲ್ಲಿ ಅಚ್ಚಾಗುವ ದರಕ್ಕೆ ವಿಮಾನ ಹಾರಿಸುವುದು ಆ ಕಂಪನಿಗೇ ಸಾಧ್ಯವಿಲ್ಲ, ಅದು ಕಂಪನಿಗೂ ಗೊತ್ತು. ನಮಗೆ ಬೆಲೆ ಎಂದು ಕಾಣುವುದು ಅವರ ಲೆಕ್ಕದ ಪುಸ್ತಕದಲ್ಲಿ ಬೆಲೆಯ ಮೊದಲ ಕಂತು.

ಅಗ್ಗದ ವಿಮಾನಯಾನದ ದೊಡ್ಡಣ್ಣ ಐರ್ಲೆಂಡಿನ ರಯಾನ್‌ಏರ್. ಅದರ ಲೆಕ್ಕಪತ್ರ ಬಹಿರಂಗವಾಗಿಯೇ ಇದೆ, ಮುಚ್ಚುಮರೆ ಇಲ್ಲ. 2025ರ ಮಾರ್ಚಿಗೆ ಮುಗಿದ ವರ್ಷದಲ್ಲಿ ಅದು ಒಯ್ದ ಪ್ರಯಾಣಿಕರು 20 ಕೋಟಿ. ಟಿಕೆಟ್ಟಿನಿಂದ ಬಂದದ್ದು 9.23 ಬಿಲಿಯನ್ ಯೂರೋ, ಉಳಿದ ಬಾಬತ್ತುಗಳಿಂದ 4.72 ಬಿಲಿಯನ್, ಲಾಭ 1.61 ಬಿಲಿಯನ್. ತಲೆಗೆ ಹಂಚಿದರೆ ಟಿಕೆಟ್ಟು 46 ಯೂರೋ, ಮೇಲುಸಂಪಾದನೆ 23 ಯೂರೋ ಚಿಲ್ಲರೆ, ಲಾಭ 8 ಯೂರೋ. ಅಮೆರಿಕದ ಫ್ರಾಂಟಿಯರ್ ಮತ್ತು ಸ್ಪಿರಿಟ್ ಕಂಪನಿಗಳು ಇನ್ನೂ ಮುಂದೆ ಹೋಗಿ, ಆದಾಯದ ಅರ್ಧಕ್ಕಿಂತ ಹೆಚ್ಚನ್ನು ಹೀಗೆಯೇ ಗಳಿಸಿದವು. ಅಲ್ಲಿ ಟಿಕೆಟ್ಟೇ ಅಡ್ಡಕಸುಬು, ಲಗೇಜು ಮತ್ತು ಸೀಟಿನದೇ ಮುಖ್ಯ ದಂಧೆ. ಅಷ್ಟು ಮಾಡಿಯೂ ಸ್ಪಿರಿಟ್ 2024ರ ನವೆಂಬರಿನಲ್ಲೊಮ್ಮೆ, 2025ರ ಆಗಸ್ಟಿನಲ್ಲೊಮ್ಮೆ ದಿವಾಳಿ ಅರ್ಜಿ ಹಾಕಿತೆನ್ನುವುದು ಬೇರೆ ಮಾತು.

ನಮ್ಮಲ್ಲಿ ಪ್ರಮಾಣ ಇನ್ನೂ ಅಷ್ಟಿಲ್ಲ. ದೇಶದ ಅತಿ ದೊಡ್ಡ ಕಂಪನಿ ಇಂಡಿಗೋ 2025ರ ಜನವರಿಯಿಂದ ಮಾರ್ಚ್‌ವರೆಗಿನ ಮೂರೇ ತಿಂಗಳಲ್ಲಿ ಇಂಥ ಬಾಬತ್ತುಗಳಿಂದ ಎರಡು ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಪಡೆದಿದೆ. ಸರಕು ಸಾಗಣೆಯೂ ಅದರಲ್ಲಿ ಸೇರಿರುವುದರಿಂದ ಅಷ್ಟನ್ನೂ ಪ್ರಯಾಣಿಕರ ತಲೆಗೆ ಕಟ್ಟಲಾಗದು. ಟಿಕೆಟ್ ಆದಾಯದ ಹತ್ತನೇ ಒಂದು ಭಾಗದ ಆಸುಪಾಸು. ರಯಾನ್‌ಏರ್‌ನಲ್ಲಿ ಅರ್ಧದಷ್ಟಾಗಿರುವುದು ಇಲ್ಲಿ ಹತ್ತರಲ್ಲಿ ಒಂದಾಗಿದೆ ಎಂದರೆ, ಹೂಡಿಕೆದಾರರ ಕಣ್ಣಿಗೆ ಅದು ‘ಬೆಳೆಯಲು ಇನ್ನೂ ಜಾಗವಿದೆ’ ಎಂದೇ ಕಾಣುತ್ತದೆ.

ಈ ಕಥೆ ಇಂಡಿಯಾದಲ್ಲಿ ಶುರುವಾದದ್ದು ಬೆಂಗಳೂರಿನಿಂದ, ಒಬ್ಬ ಹಾಸನ ಜಿಲ್ಲೆಯವರಿಂದ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದಾಗ ಹುಬ್ಬಳ್ಳಿಯಂಥ ಊರಿಗೂ ಪುಟ್ಟ ಎಟಿಆರ್ ವಿಮಾನ ಬಂದಿಳಿಯಿತು. ಕಂಪನಿಯ ಗುರುತಿಗೆ ಆರ್. ಕೆ. ಲಕ್ಷ್ಮಣ್ ಅವರ ‘ಶ್ರೀಸಾಮಾನ್ಯ’ನೇ ಬಂದ. ಪೆಟ್ರೋಲ್ ಬಂಕಿನಲ್ಲೂ ಅಂಚೆ ಕಚೇರಿಯಲ್ಲೂ ಟಿಕೆಟ್ ಸಿಗುತ್ತಿತ್ತು. ಆಮೇಲೆ ಬಂತು ಒಂದು ರೂಪಾಯಿ ಟಿಕೆಟ್ಟು. ಅದಕ್ಕೂ ತೆರಿಗೆ ಬೇರೆ ಇತ್ತು, ವಿಮಾನದೊಳಗೆ ನೀರು–ತಿಂಡಿಗೆ ಕಾಸು ಕೊಡಬೇಕಿತ್ತು, ಎಲ್ಲರಿಗೂ ಸಿಗುತ್ತಲೂ ಇರಲಿಲ್ಲ. ಆದರೆ ಅದು ಲಾಟರಿ ಎಂಬುದು ಲಾಟರಿಯಷ್ಟೇ ಸ್ಪಷ್ಟವಾಗಿತ್ತು. ಮುಂಚೆ ಬಂದವನಿಗೆ ಒಂದು ರೂಪಾಯಿ, ಕಡೆಗೆ ಬಂದವನಿಗೆ ಸಾವಿರಗಟ್ಟಲೆ. ಏರ್ ಡೆಕ್ಕನ್ 2007–08ರಲ್ಲಿ ಕಿಂಗ್‌ಫಿಷರ್ ಹೊಟ್ಟೆ ಸೇರಿತು, ಕಿಂಗ್‌ಫಿಷರ್ 2012ರಲ್ಲಿ ನೆಲಕಚ್ಚಿತು. ಒಂದು ರೂಪಾಯಿಯ ಆಸೆ ಮಾತ್ರ ಜನರ ತಲೆಯಲ್ಲಿ ಉಳಿದುಕೊಂಡಿತು. ಇಂದಿಗೂ ಜಾಹೀರಾತುಗಳು ದುಡಿಸಿಕೊಳ್ಳುತ್ತಿರುವುದು ಅದನ್ನೇ.

ಲಗೇಜಿಗೆ ಬೇರೆ ದುಡ್ಡು ಎಂಬ ಪದ್ಧತಿ ದೊಡ್ಡ ಕಂಪನಿಗಳಿಗೆ ಹತ್ತಿದ್ದು 2008ರಲ್ಲಿ. ಆ ಜುಲೈನಲ್ಲಿ ಕಚ್ಚಾತೈಲ ಪೀಪಾಯಿಗೆ 147 ಡಾಲರ್ ಮುಟ್ಟಿತ್ತು. ಅದಕ್ಕೆ ಸ್ವಲ್ಪ ಮೊದಲು, ಜೂನ್‌ನಲ್ಲಿ, ಅಮೆರಿಕನ್ ಏರ್‌ಲೈನ್ಸ್ ಮೊದಲ ಚೀಲಕ್ಕೆ 15 ಡಾಲರ್ ಹಾಕಿತು. ತೈಲದ ಕಷ್ಟ, ಏನು ಮಾಡುವುದು ಎಂದಿತು. ಡಿಸೆಂಬರಿನ ಹೊತ್ತಿಗೆ ತೈಲ 40 ಡಾಲರಿಗಿಂತ ಕೆಳಗೆ ಬಿತ್ತು, ಶುಲ್ಕ ಇಳಿಯಲಿಲ್ಲ. ಅಷ್ಟರಲ್ಲಿ ಉಳಿದ ಕಂಪನಿಗಳೂ ಹಿಂದೆ ಬಂದಿದ್ದವು. 2024ರಲ್ಲಿ ಅಮೆರಿಕದ ಕಂಪನಿಗಳು ಚೀಲಗಳಿಂದ ಮಾತ್ರ ಗಳಿಸಿದ್ದು 7.2 ಬಿಲಿಯನ್ ಡಾಲರಿಗೂ ಹೆಚ್ಚು. ಕಷ್ಟಕಾಲಕ್ಕೆಂದು ಬಂದ ಶುಲ್ಕ ಕಷ್ಟ ತೀರಿದ ಮೇಲೆ ಹೋದ ಉದಾಹರಣೆ ಇಲ್ಲವೇ ಎಂದರೆ, ಇದೆ: ಇಂಡಿಗೋ 2023ರ ಅಕ್ಟೋಬರಿನಲ್ಲಿ ದೂರಕ್ಕೆ ತಕ್ಕಂತೆ 300ರಿಂದ 1,000 ರೂಪಾಯಿವರೆಗೆ ಹಾಕಿದ ಇಂಧನ ಶುಲ್ಕವನ್ನು 2024ರ ಜನವರಿಯಲ್ಲಿ ತೆಗೆದುಹಾಕಿತು. ಇಂಥದ್ದು ಅಪರೂಪ, ಅದಕ್ಕೇ ನೆನಪಿದೆ.

ಚೀಲಕ್ಕಾದರೂ ಒಂದು ನ್ಯಾಯ ಹೇಳಬಹುದು. ತೂಕ ಹೆಚ್ಚಿದರೆ ಇಂಧನ ಹೆಚ್ಚು, ಎತ್ತಿ ಹಾಕಲು ಆಳು ಬೇಕು. ಸೀಟಿಗೆ ಏನು ಹೇಳುವುದು? ಸೀಟು ವಿಮಾನ ಕೊಂಡಾಗಲೇ ಬಂದಿದೆ, ಮಾರದಿದ್ದರೂ ಅಲ್ಲೇ ಇರುತ್ತದೆ. 2024ರ ನವೆಂಬರಿನಲ್ಲಿ ಅಮೆರಿಕದ ಸೆನೆಟ್ಟಿನ ತನಿಖಾ ಉಪಸಮಿತಿ ಹೊರಹಾಕಿದ ವರದಿಯಂತೆ, ಅಮೆರಿಕನ್, ಡೆಲ್ಟಾ, ಯುನೈಟೆಡ್, ಫ್ರಾಂಟಿಯರ್, ಸ್ಪಿರಿಟ್ ಎಂಬ ಐದೇ ಕಂಪನಿಗಳು 2018ರಿಂದ 2023ರವರೆಗೆ ಸೀಟು ಆರಿಸುವ ಶುಲ್ಕವಾಗಿ ಎತ್ತಿದ್ದು 12.4 ಬಿಲಿಯನ್ ಡಾಲರ್. ಇಂದಿನ ಲೆಕ್ಕಕ್ಕೆ ಒಂದು ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ನಡುವೆ ಕೋವಿಡ್ ಬಂದು ವಿಮಾನಗಳು ತಿಂಗಳುಗಟ್ಟಲೆ ನಿಂತೇ ಇದ್ದವು, ಅದನ್ನೂ ಸೇರಿಸಿಕೊಂಡು ಇಷ್ಟು. ಯುನೈಟೆಡ್ ಕಂಪನಿಗೆ 2023ರಲ್ಲಿ ಸೀಟಿನಿಂದ 1.3 ಬಿಲಿಯನ್ ಬಂತು, ಚೀಲದಿಂದ 1.2 ಬಿಲಿಯನ್. ಸಾಮಾನು ಹೊತ್ತು ಸಾಗಿಸುವುದಕ್ಕಿಂತ, ಕೂರುವ ಜಾಗ ತೋರಿಸುವುದೇ ಲಾಭದ ಕೆಲಸವಾಯಿತು. ನಿಂತು ಹೋಗುವ ಸೌಲಭ್ಯ ವಿಮಾನದಲ್ಲಿ ಇನ್ನೂ ಬಂದಿಲ್ಲ. ರಯಾನ್‌ಏರ್ ಮುಖ್ಯಸ್ಥ ಮೈಕೆಲ್ ಓಲಿಯರಿ ಆ ಆಸೆಯನ್ನೂ ಬಾಯಿಬಿಟ್ಟು ಹೇಳಿದ್ದುಂಟು. 2009ರಲ್ಲಂತೂ ವಿಮಾನದ ಶೌಚಾಲಯಕ್ಕೆ ಒಂದು ಪೌಂಡ್ ಹಾಕುವ ಯೋಚನೆಯಿದೆ ಎಂದು ಟೀವಿಯಲ್ಲಿ ಕೂತು ಹೇಳಿದರು. ಹಾಕಲಿಲ್ಲ. ಹಾಕುವ ಅಗತ್ಯವೂ ಇರಲಿಲ್ಲ, ಪತ್ರಿಕೆಗಳು ಬಿಟ್ಟಿ ಪ್ರಚಾರ ಕೊಟ್ಟಾಗಿತ್ತು.

ಈಗ ಮೊಬೈಲ್ ತೆರೆದು ಒಂದು ಟಿಕೆಟ್ ಕಾಯ್ದಿರಿಸೋಣ. ಗಂಡ, ಹೆಂಡತಿ, ಹತ್ತು ವರ್ಷದ ಮಗಳು, ಅಜ್ಜಿ. ಜಾಹೀರಾತಿನ ದರ ‘1,499 ರೂಪಾಯಿಯಿಂದ’ ಎಂದಿಟ್ಟುಕೊಳ್ಳಿ. ಇಲ್ಲಿನ ಅಂಕಿಗಳು ಉದಾಹರಣೆಗೆ ನಾನು ಇಟ್ಟುಕೊಂಡವು, ಆದರೆ ಬುಕ್ ಮಾಡಿದ ಯಾರಿಗೂ ಇವು ಅಪರಿಚಿತ ಅನ್ನಿಸಲಾರವು. ನಾಲ್ವರಿಗೆ 5,996. ಮೊದಲ ಪರದೆ ದಾಟಿದರೆ ದರದಲ್ಲೇ ಮೂರು ಅಂತಸ್ತು. ನಡುವಿನದಕ್ಕೆ ‘ಹೆಚ್ಚಿನವರ ಆಯ್ಕೆ’ ಎಂಬ ಬಣ್ಣದ ಪಟ್ಟಿ ಹಚ್ಚಿರುತ್ತಾರೆ. ಅದನ್ನು ತಪ್ಪಿಸಿಕೊಂಡರೆ ಸೀಟಿನ ನಕ್ಷೆ. ಹಸಿರು, ನೀಲಿ, ನೇರಳೆ ಚೌಕಗಳು. ಪ್ರತಿಯೊಂದಕ್ಕೂ ಒಂದು ಬೆಲೆ. ಪುಕ್ಕಟೆ ಎನ್ನುವ ಚೌಕ ಹುಡುಕುತ್ತ ಹೋದರೆ ಕಡೆಯ ಸಾಲುಗಳಲ್ಲಿ, ನಡುವಿನ ಸೀಟಿನಲ್ಲಿ, ಒಂದು ಅಲ್ಲಿ ಒಂದು ಇಲ್ಲಿ. ಅಜ್ಜಿಯನ್ನು ಅಪರಿಚಿತರ ನಡುವೆ ಕೂರಿಸಲು ಮನಸ್ಸು ಬಾರದೆ ತಲಾ 300 ಕೊಟ್ಟರೆ 1,200. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಅಪ್ಪ ಅಮ್ಮನಲ್ಲಿ ಒಬ್ಬರ ಪಕ್ಕದ ಸೀಟು ಕೊಡಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2024ರ ಏಪ್ರಿಲಿನಲ್ಲಿ ಹೇಳಿದೆ. ಸೀಟಿನ ನಕ್ಷೆ ಆ ಮಾತನ್ನು ತಾನಾಗಿ ಎತ್ತುವುದಿಲ್ಲ. ಮುಂದೆ ವಿಮೆ, ತಲಾ 199, ಗುರುತು ಹಾಕಿದ್ದನ್ನು ನೀವೇ ತೆಗೆಯಬೇಕು, ಕಣ್ತಪ್ಪಿದರೆ 796. ಆಮೇಲೆ ಊಟ, ಆಮೇಲೆ ‘ಮೊದಲು ಹತ್ತುವ’ ಸೌಲಭ್ಯ, ಆಮೇಲೆ ‘ಬ್ಯಾಗು ಮೊದಲು ಬರುವ’ ಸೌಲಭ್ಯ. ಕಡೆಯ ಪರದೆಯಲ್ಲಿ, ಕಾರ್ಡಿನ ನಂಬರು ಹೊಡೆದಾದ ಮೇಲೆ, ಕನ್ವೀನಿಯನ್ಸ್ ಫೀ. ತಲಾ 350.

ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಕಾರ್ಡು ಒಂದು, ಒತ್ತುವ ಗುಂಡಿ ಒಂದು, ಬ್ಯಾಂಕಿನ ವ್ಯವಹಾರ ಒಂದು. ಶುಲ್ಕ ಮಾತ್ರ ತಲೆಗೆ ಒಂದು, ಹೋಗುವಾಗ ಒಂದು, ಬರುವಾಗ ಇನ್ನೊಂದು. ನಾಲ್ವರು ಹೋಗಿ ಬರಲು ಎಂಟು ಸಲ, 2,800 ರೂಪಾಯಿ. ರೈಲ್ವೆಯ ಐಆರ್‌ಸಿಟಿಸಿಯೂ ಕನ್ವೀನಿಯನ್ಸ್ ಫೀ ಕಿತ್ತುಕೊಳ್ಳುತ್ತದೆ: ಎಸಿ ದರ್ಜೆಗೆ 30 ರೂಪಾಯಿ, ಯುಪಿಐ ಆದರೆ 20, ಮೇಲೆ ಜಿಎಸ್‌ಟಿ. ಒಂದು ಟಿಕೆಟ್ಟಿಗೆ, ಅದರಲ್ಲಿ ಆರು ಜನರಿದ್ದರೂ ಅಷ್ಟೇ. ಅದೇ ಅಂತರ್ಜಾಲ, ಅದೇ ಬ್ಯಾಂಕು, ಅದೇ ಬೆರಳು. ರೈಲಿಗೆ ಹೋಗಿಬರಲು ಎಂಬತ್ತು ರೂಪಾಯಿಯೊಳಗೆ ಮುಗಿಯುವ ‘ಅನುಕೂಲ’ ವಿಮಾನಕ್ಕೆ 2,800 ಆಗುವುದು ಯಾವ ಯಂತ್ರದ ಖರ್ಚಿನಿಂದಲೂ ಅಲ್ಲ. ನಮ್ಮ ಕುಟುಂಬದ ಒಟ್ಟು ಬಿಲ್ಲು ಕಡೆಗೆ ಹೋಗಿಬರಲು 11,992ರ ಬದಲು 18,784. ಇನ್ನೂ ಯಾರೂ ಏನೂ ತಿಂದಿಲ್ಲ.

ಆಸ್ಟ್ರೇಲಿಯಾದಲ್ಲಿ ಇದೇ ಶುಲ್ಕ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಜೆಟ್‌ಸ್ಟಾರ್ ಕಂಪನಿ ಕಾರ್ಡಿನಲ್ಲಿ ಪಾವತಿಸಿದವರಿಗೆ 8.50 ಡಾಲರ್ ಹಾಕುತ್ತಿತ್ತು, ಅದೂ ತಲೆಗೆ, ಅದೂ ಪ್ರತಿ ಹಾರಾಟಕ್ಕೆ. ಮೊದಲ ಪರದೆಯಲ್ಲಿ ಅದರ ಸುಳಿವು ಸರಿಯಾಗಿ ಇರಲಿಲ್ಲ. 2017ರ ಮಾರ್ಚಿನಲ್ಲಿ ಫೆಡರಲ್ ನ್ಯಾಯಾಲಯ ಹಾಕಿದ ದಂಡ 5,45,000 ಆಸ್ಟ್ರೇಲಿಯನ್ ಡಾಲರ್. ಕೇಳಲು ದೊಡ್ಡದು. ಎಂಟೂವರೆಯಿಂದ ಭಾಗಿಸಿ ನೋಡಿ: 64,000 ಚಿಲ್ಲರೆ ಜನ ಒಂದೊಂದು ಸಲ ಆ ಶುಲ್ಕ ತೆತ್ತರೆ ದಂಡ ಮುಗಿಯಿತು. 180 ಸೀಟಿನ ಸುಮಾರು 356 ವಿಮಾನ. ದೊಡ್ಡ ಕಂಪನಿಯೊಂದಕ್ಕೆ ಅದು ಒಂದೆರಡು ದಿನದ ಓಡಾಟ.

ಗ್ರಾಹಕ ಇಷ್ಟು ಸುಲಭಕ್ಕೆ ಯಾಕೆ ಬೀಳುತ್ತಾನೆ, ಕೊನೆಯಲ್ಲಿ ಮೊತ್ತ ಕಂಡಾಗ ಎದ್ದು ಹೋಗಬಾರದೇ ಎಂದು ಕೇಳಬಹುದು. ಇದನ್ನು ಲಕ್ಷಾಂತರ ಜನರ ಮೇಲೆ ಪರೀಕ್ಷಿಸಿ ನೋಡಿದ್ದಾರೆ, ವಿಮಾನದಲ್ಲಲ್ಲ, ಆಟ ಮತ್ತು ಸಂಗೀತ ಕಛೇರಿಗಳ ಟಿಕೆಟ್ ಮರುಮಾರಾಟ ಮಾಡುವ ಸ್ಟಬ್‌ಹಬ್ ಎಂಬ ಅಮೆರಿಕನ್ ತಾಣದಲ್ಲಿ. ಅರ್ಧ ಜನಕ್ಕೆ ಶುಲ್ಕವನ್ನೆಲ್ಲ ಸೇರಿಸಿ ಮೊದಲೇ ದರ ತೋರಿಸಿದರು, ಇನ್ನರ್ಧಕ್ಕೆ ಕೊನೆಯ ಪರದೆಯಲ್ಲಿ ತೋರಿಸಿದರು. ಎರಡೂ ಕಡೆ ಕಟ್ಟಬೇಕಾದ ಹಣ ಒಂದೇ. ಕೊನೆಯಲ್ಲಿ ಶುಲ್ಕ ಕಂಡವರು ಸುಮಾರು ಶೇ 21ರಷ್ಟು ಹೆಚ್ಚು ಖರ್ಚು ಮಾಡಿದರು. ಕೊಳ್ಳುವವರೂ ಹೆಚ್ಚು, ಕೊಂಡವರು ಆರಿಸಿದ ಟಿಕೆಟ್ಟೂ ದುಬಾರಿಯದು. ಹೆಸರು, ವಯಸ್ಸು, ಫೋನು ಎಲ್ಲ ತುಂಬಿಸಿ, ಸೀಟು ಆರಿಸಿ, ಮಗಳಿಗೆ ‘ಟಿಕೆಟ್ ಆಯ್ತು’ ಎಂದು ಹೇಳಿಯೂ ಆದ ಮೇಲೆ 2,800 ರೂಪಾಯಿಗಾಗಿ ಮತ್ತೆ ಮೊದಲಿಂದ ಶುರು ಮಾಡುವವರು ಎಷ್ಟು ಜನ? ಕಂಪನಿಗಳಿಗೆ ಆ ಸಂಖ್ಯೆ ಗೊತ್ತು. ಬ್ರಿಟನ್ ಸರ್ಕಾರ ಮಾಡಿಸಿದ ಅಧ್ಯಯನವೊಂದು, ಹೀಗೆ ಹನಿಹನಿಯಾಗಿ ಏರುವ ದರದಿಂದ ಅಲ್ಲಿನ ಗ್ರಾಹಕರು ಅಂತರ್ಜಾಲದಲ್ಲಿ ವರ್ಷಕ್ಕೆ 2.2 ಬಿಲಿಯನ್ ಪೌಂಡ್‌ವರೆಗೆ ಹೆಚ್ಚು ತೆರುತ್ತಿದ್ದಾರೆ ಎಂದು ಲೆಕ್ಕ ಹಾಕಿತು. 2025ರ ಏಪ್ರಿಲಿನಿಂದ ಅಲ್ಲಿ, ತಪ್ಪಿಸಿಕೊಳ್ಳಲಾಗದ ಶುಲ್ಕವನ್ನು ಮೊದಲ ದರದಲ್ಲೇ ಸೇರಿಸಬೇಕೆಂಬ ಕಾನೂನು ಜಾರಿಯಾಗಿದೆ.

ಚಾತುರ್ಯದ ವಿಷಯಕ್ಕೆ ಬಂದರೆ ನನ್ನ ಮೆಚ್ಚಿನ ಉದಾಹರಣೆ ಇಟಲಿಯದು. ರಯಾನ್‌ಏರ್ ತಾಣದಲ್ಲಿ ವಿಮೆ ಬೇಡ ಎನ್ನುವವರಿಗೆ ‘ಬೇಡ’ ಎಂಬ ಗುಂಡಿ ಇರಲಿಲ್ಲ. ‘ನಿಮ್ಮ ದೇಶ ಆರಿಸಿ’ ಎಂಬ ಪಟ್ಟಿಯೊಂದಿತ್ತು. ಆ ಪಟ್ಟಿಯಲ್ಲಿ ದೇಶಗಳ ಹೆಸರಿನ ನಡುವೆ, ಅಕ್ಷರಾನುಕ್ರಮದಲ್ಲಿ, ಇನ್ನೊಂದು ದೇಶವೋ ಎಂಬಂತೆ ‘ವಿಮೆ ಬೇಡ’ ಅಡಗಿ ಕೂತಿತ್ತು. ಇಟಲಿಯ ಸ್ಪರ್ಧಾ ಪ್ರಾಧಿಕಾರ 2014ರ ಫೆಬ್ರವರಿಯಲ್ಲಿ 8,50,000 ಯೂರೋ ದಂಡ ಹಾಕಿತು. ಕಂಪನಿಯ ಈಗಿನ ಮೇಲುಸಂಪಾದನೆಯ ವೇಗದಲ್ಲಿ ಅದು ಒಂದೂವರೆ ಗಂಟೆಯ ಕಲೆಕ್ಷನ್.

ಪರದೆ ದಾಟಿ ವಿಮಾನ ನಿಲ್ದಾಣ ಮುಟ್ಟಿದರೆ ಆಟ ಕೈಯಿಂದ ಚೀಲಕ್ಕೆ ಬರುತ್ತದೆ. ಯುರೋಪಿನ ಗೇಟುಗಳಲ್ಲಿ ಲೋಹದ ಒಂದು ಚೌಕಟ್ಟು ಇಟ್ಟಿರುತ್ತಾರೆ. ರಯಾನ್‌ಏರ್‌ನಲ್ಲಿ ಬಿಟ್ಟಿಯಾಗಿ ಒಯ್ಯಬಹುದಾದ ಚೀಲದ ಅಳತೆ ಬಹುಕಾಲ 40, 20, 25 ಸೆಂಟಿಮೀಟರ್ ಇತ್ತು. ಗುಣಿಸಿದರೆ 20 ಲೀಟರ್. ನಮ್ಮ ಮನೆಗಳಿಗೆ ಬರುವ ಕುಡಿಯುವ ನೀರಿನ ಕ್ಯಾನ್ ಎಷ್ಟೋ ಅಷ್ಟು. ಒಂದು ವಾರದ ಬಟ್ಟೆ, ಚಳಿಯ ಕೋಟು, ಚಾರ್ಜರು, ಔಷಧಿ ಎಲ್ಲ ಆ ಕ್ಯಾನಿನೊಳಗೆ. 2025ರಲ್ಲಿ ಇದನ್ನು 24 ಲೀಟರಿಗೆ ಏರಿಸಿದರು. ಜೊತೆಜೊತೆಗೆ ಅದೇ ವರ್ಷದ ನವೆಂಬರಿನಿಂದ, ಅಳತೆ ಮೀರಿದ ಚೀಲ ಹಿಡಿದುಕೊಟ್ಟ ಸಿಬ್ಬಂದಿಗೆ ಕೊಡುವ ಇನಾಮನ್ನು ಚೀಲಕ್ಕೆ ಒಂದೂವರೆ ಯೂರೋದಿಂದ ಎರಡೂವರೆಗೆ ಏರಿಸಿ, ತಿಂಗಳಿಗೆ 80 ಯೂರೋ ಎಂದಿದ್ದ ಮಿತಿಯನ್ನೂ ತೆಗೆದರು. ಸಿಕ್ಕಿಬಿದ್ದ ಪ್ರಯಾಣಿಕ ತೆರುವುದು 75 ಯೂರೋವರೆಗೆ. ಅಮೆರಿಕದಲ್ಲೂ ಇದೇ: ಫ್ರಾಂಟಿಯರ್ ಮತ್ತು ಸ್ಪಿರಿಟ್ 2022, 2023 ಎರಡೇ ವರ್ಷದಲ್ಲಿ ಚೀಲ ಹಿಡಿದವರಿಗೆ ಹಂಚಿದ ಇನಾಮು 2.6 ಕೋಟಿ ಡಾಲರ್ ಎಂದು ಸೆನೆಟ್ ವರದಿ ಹೇಳಿತು. ಇನಾಮಿಗೇ ಇನ್ನೂರು ಕೋಟಿ ರೂಪಾಯಿ!

ನಮ್ಮ ಕರಾವಳಿಯವರಿಗೆ ತಕ್ಕಡಿಯ ಕಷ್ಟ ವಿವರಿಸಬೇಕಿಲ್ಲ. ಮಂಗಳೂರಿನಿಂದ ಕೊಲ್ಲಿ ದೇಶಗಳಿಗೆ ಹೋಗುವ ವಿಮಾನದ ಚೆಕ್‌ಇನ್ ಸಾಲಿನಲ್ಲಿ ನಿಂತರೆ ಕಾಣುವ ದೃಶ್ಯ ಅದು. ಹಗ್ಗ ಬಿಗಿದ ರಟ್ಟಿನ ಡಬ್ಬ ತಕ್ಕಡಿಯ ಮೇಲೆ ಹೋಗುತ್ತದೆ, ಕೆಂಪು ಅಂಕಿ ಮಿನುಗುತ್ತದೆ, ಕೌಂಟರಿನ ಹುಡುಗಿ ತಲೆಯಾಡಿಸುತ್ತಾಳೆ. ಡಬ್ಬ ನೆಲಕ್ಕಿಳಿಯುತ್ತದೆ. ಕುಚ್ಚಲಕ್ಕಿಯ ಚೀಲ ಒಂದು ಕಡೆ, ಹಪ್ಪಳದ ಕಟ್ಟು ಇನ್ನೊಂದು ಕಡೆ. ಯಾವುದು ಬೇಕು ಯಾವುದು ಬೇಡ ಎಂದು ಬೀಳ್ಕೊಡಲು ಬಂದ ಅಣ್ಣನಿಗೆ ಗಾಜಿನಾಚೆಯಿಂದ ಫೋನು. ಅಂಗಿಯ ಮೇಲೆ ಇನ್ನೊಂದು ಅಂಗಿ ಏರುತ್ತದೆ. ದೇಶದೊಳಗಿನ ಹಾರಾಟದಲ್ಲೂ ಕೌಂಟರಿಗೆ ಬಂದ ಮೇಲೆ ಹೆಚ್ಚಿನ ಒಂದೊಂದು ಕಿಲೋಗೆ ಐನೂರು ರೂಪಾಯಿಯ ಮೇಲೆಯೇ. ಹುಣಸೆಹಣ್ಣಿಗಿಂತ ಅದರ ಪ್ರಯಾಣವೇ ದುಬಾರಿ. 2016ರಲ್ಲಿ ಡಿಜಿಸಿಎ 15ರಿಂದ 20 ಕಿಲೋವರೆಗೆ ಕಿಲೋಗೆ 100 ರೂಪಾಯಿ ಮೀರಬಾರದು ಎಂದು ಅಪ್ಪಣೆ ಮಾಡಿತ್ತು. ಕಂಪನಿಗಳು ದೆಹಲಿ ಹೈಕೋರ್ಟಿಗೆ ಹೋದವು, ಮರುವರ್ಷ ಆ ಮಿತಿ ರದ್ದಾಯಿತು.

ಕಂಪನಿಗಳ ವಾದ ಪೂರ್ತಿ ಸುಳ್ಳೂ ಅಲ್ಲ. ಬೆನ್ನಿಗೆ ಒಂದು ಚೀಲ ಹಾಕಿ ಎರಡು ದಿನಕ್ಕೆ ಹೋಗಿಬರುವ ಹುಡುಗ, ಮೂರು ಸೂಟ್‌ಕೇಸಿನವನ ಖರ್ಚನ್ನು ಯಾಕೆ ಹೊರಬೇಕು? ಶುಲ್ಕಗಳನ್ನು ಬಿಡಿಸಿದ್ದರಿಂದಲೇ ಕೆಳಗಿನ ದರ ಕೆಳಗಿದೆ, ಅದರಿಂದಲೇ ಎಷ್ಟೋ ಜನ ಮೊದಲ ಸಲ ವಿಮಾನ ಹತ್ತಿದರು. 2014ರಲ್ಲಿ ದೇಶದೊಳಗೆ ಹಾರಿದವರು 6.7 ಕೋಟಿ, 2024ರಲ್ಲಿ 16.1 ಕೋಟಿ. ಇದು ಸಣ್ಣ ಸಾಧನೆಯಲ್ಲ. ಚೀಲಕ್ಕೆ ಬೇರೆ ದುಡ್ಡು ಕೇಳುವುದರಲ್ಲಿ ನನಗೆ ತಕರಾರಿಲ್ಲ. ತಕರಾರಿರುವುದು, ಯಾರೂ ತಪ್ಪಿಸಿಕೊಳ್ಳಲಾಗದ ಶುಲ್ಕವನ್ನು ಕೊನೆಯ ಪರದೆಯವರೆಗೆ ಬಚ್ಚಿಡುವುದಕ್ಕೆ. ಆ 16.1 ಕೋಟಿ ಜನರಲ್ಲಿ ಪ್ರತಿಯೊಬ್ಬರಿಂದ ನೂರೇ ರೂಪಾಯಿ ಹಾಗೆ ಜಾರಿಸಿಕೊಂಡರೆ ವರ್ಷಕ್ಕೆ 1,600 ಕೋಟಿ.

ಕಾನೂನು ಸುಮ್ಮನೆ ಕೂತಿಲ್ಲ, ಓಡುತ್ತಲೂ ಇಲ್ಲ. ಸ್ಪೇನಿನ ಗ್ರಾಹಕ ಸಚಿವಾಲಯ 2024ರ ನವೆಂಬರಿನಲ್ಲಿ ಕೈಚೀಲಕ್ಕೆ ಶುಲ್ಕ ಹಾಕಿದ್ದೂ ಸೇರಿದಂತೆ ಹಲವು ತಪ್ಪಿಗೆ ಐದು ಕಂಪನಿಗಳ ಮೇಲೆ 17.9 ಕೋಟಿ ಯೂರೋ ದಂಡ ಹೇರಿತು. ಈ ಬಾಬತ್ತಿನಲ್ಲಿ ಅಷ್ಟು ದೊಡ್ಡ ದಂಡ ಅಪರೂಪ. ಅದರಲ್ಲಿ ರಯಾನ್‌ಏರ್ ಪಾಲು 10.78 ಕೋಟಿ: ಕಂಪನಿಯ ಎಂಟು ದಿನ ಚಿಲ್ಲರೆಯ ಮೇಲುಸಂಪಾದನೆ. ಅದನ್ನೂ ಕಟ್ಟದೆ ಕಂಪನಿಗಳು ನ್ಯಾಯಾಲಯಕ್ಕೆ ಹೋದವು. ಅಮೆರಿಕದ ಸಾರಿಗೆ ಇಲಾಖೆ 2024ರ ಏಪ್ರಿಲಿನಲ್ಲಿ, ಚೀಲದ ಮತ್ತು ರದ್ದತಿಯ ಶುಲ್ಕವನ್ನು ದರದ ಜೊತೆಗೇ ತೋರಿಸಿ ಎಂದಿತು. ಜನರಿಗೆ ವರ್ಷಕ್ಕೆ 54.3 ಕೋಟಿ ಡಾಲರ್ ಉಳಿಯುತ್ತದೆ ಎಂದು ಇಲಾಖೆಯ ಅಂದಾಜು. ಮೂರೇ ತಿಂಗಳಿಗೆ, ಜುಲೈನಲ್ಲಿ, ಕಂಪನಿಗಳ ಅರ್ಜಿಯ ಮೇಲೆ ಮೇಲ್ಮನವಿ ನ್ಯಾಯಾಲಯ ಅದಕ್ಕೆ ತಡೆ ಹಾಕಿತು. ‘ತೋರಿಸಿ’ ಎಂದದ್ದಕ್ಕೇ ಇಷ್ಟು; ‘ಬಿಡಿ’ ಎಂದಿರಲಿಲ್ಲ.

ಎಲ್ಲಕ್ಕಿಂತ ವಿಚಿತ್ರ ಅಮೆರಿಕದ ಸೌತ್‌ವೆಸ್ಟ್ ಕಂಪನಿಯದು. ಎರಡು ಚೀಲ ಬಿಟ್ಟಿ ಎಂಬುದೇ ಅದರ ಜಾಹೀರಾತು, ದಶಕಗಳ ಕಾಲ. 2024ರ ಸೆಪ್ಟೆಂಬರಿನಲ್ಲಿ ಅದು ಹೂಡಿಕೆದಾರರಿಗೆ ಲೆಕ್ಕ ಒಪ್ಪಿಸಿತು: ಚೀಲಕ್ಕೆ ಶುಲ್ಕ ಹಾಕಿದರೆ 1.5 ಬಿಲಿಯನ್ ಡಾಲರ್‌ವರೆಗೆ ಬರುತ್ತದೆ, ಆದರೆ ಬೇಸತ್ತ ಗಿರಾಕಿಗಳು ಬಿಟ್ಟುಹೋಗಿ 1.8 ಬಿಲಿಯನ್ ನಷ್ಟವಾಗುತ್ತದೆ, ಆದ್ದರಿಂದ ಹಾಕುವುದಿಲ್ಲ. ಎಲಿಯಟ್ ಎಂಬ ಹೂಡಿಕೆ ಸಂಸ್ಥೆ ಆಡಳಿತ ಮಂಡಳಿಯ ಬೆನ್ನು ಬಿದ್ದಿತ್ತು. 2025ರ ಮೇ 28ರಿಂದ ಮೊದಲ ಚೀಲಕ್ಕೆ 35 ಡಾಲರ್.

ಭಾರತದಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ‘ಡಾರ್ಕ್ ಪ್ಯಾಟರ್ನ್’, ಅಂದರೆ ಗ್ರಾಹಕರನ್ನು ಯಾಮಾರಿಸುವ ಪರದೆಯ ವಿನ್ಯಾಸ, ತಡೆಯುವ ಮಾರ್ಗಸೂಚಿ ಹೊರಡಿಸಿ 13 ಬಗೆಯ ವಂಚನೆಗಳನ್ನು ಪಟ್ಟಿ ಮಾಡಿತು. ಅವನ್ನು ವಿವರಿಸಲು ಕೊಟ್ಟ ಉದಾಹರಣೆಗಳನ್ನು ಓದುತ್ತಿದ್ದರೆ, ಬರೆದ ಅಧಿಕಾರಿ ಆಗ ತಾನೇ ವಿಮಾನದ ಟಿಕೆಟ್ ಮಾಡಿಸಿ ಎದ್ದು ಬಂದಿರಬೇಕು ಅನ್ನಿಸುತ್ತದೆ. ಕೇಳದೆ ಬುಟ್ಟಿಗೆ ಸೇರಿಸುವುದಕ್ಕೆ ಉದಾಹರಣೆ: ವಿಮಾನದ ಟಿಕೆಟ್ ಕೊಂಡಾಗ ತಾನಾಗಿ ಸೇರಿಕೊಳ್ಳುವ ಪ್ರಯಾಣ ವಿಮೆ. ನಾಚಿಸಿ ಒಪ್ಪಿಸುವುದಕ್ಕೆ ಉದಾಹರಣೆ: ವಿಮೆ ಬೇಡ ಎನ್ನುವವನ ಬಾಯಲ್ಲಿ ‘ನಾನು ಅಸುರಕ್ಷಿತವಾಗಿಯೇ ಇರುತ್ತೇನೆ’ ಎಂದು ಹೇಳಿಸುವುದು. ಹನಿಹನಿ ದರಕ್ಕೆ ಉದಾಹರಣೆ: ವಿಮಾನ ಕಾಯ್ದಿರಿಸುವಾಗ ಒಂದು ದರ, ಹಣ ಕಟ್ಟುವಾಗ ಇನ್ನೊಂದು ದರ.

ಕೈಯಲ್ಲಿ ಹಿಡಿದುಕೊಳ್ಳಬಹುದಾದ ನಿಯಮಗಳೂ ಕೆಲವಿವೆ. ಕೌಂಟರಿನಲ್ಲಿ ಬೋರ್ಡಿಂಗ್ ಪಾಸ್ ಕೊಡಲು 200 ರೂಪಾಯಿ ಕೇಳುವ ರೂಢಿ ಬಂದಿತ್ತು. ಹಾಗೆ ಕೇಳುವಂತಿಲ್ಲ, ಅದು 1937ರ ವಿಮಾನ ನಿಯಮಗಳಿಗೆ ವಿರುದ್ಧ ಎಂದು ನಾಗರಿಕ ವಿಮಾನಯಾನ ಸಚಿವಾಲಯ 2022ರ ಜುಲೈ 21ರಂದು ಹೇಳಿತು. ಟಿಕೆಟ್ ರದ್ದು ಮಾಡಿದರೆ ರದ್ದತಿ ಶುಲ್ಕ ಮೂಲದರ ಮತ್ತು ಇಂಧನ ಶುಲ್ಕ ಎರಡನ್ನೂ ಕೂಡಿದ್ದಕ್ಕಿಂತ ಹೆಚ್ಚಿರಬಾರದು ಎಂಬುದು 2016ರ ಆಗಸ್ಟಿನಿಂದ ಇರುವ ನಿಯಮ.

ಅದೇ ನಿಯಮದಲ್ಲಿ ಹೆಚ್ಚಿನವರು ಓದದ ಇನ್ನೊಂದು ಸಾಲಿದೆ. ‘ಒಂದು ಪೈಸೆಯೂ ವಾಪಸಿಲ್ಲ’ ಎಂದು ಮಾರಿದ ಆಫರ್ ಟಿಕೆಟ್ಟೇ ಆಗಿರಲಿ, ಪ್ರಯಾಣಿಕ ವಿಮಾನ ಹತ್ತದೇ ಹೋದರೂ ಸರಿ, ಸರ್ಕಾರದ ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕಗಳನ್ನು ಹಿಂದಿರುಗಿಸಬೇಕು. ಹಾರದವನಿಗೆ ನಿಲ್ದಾಣ ಬಳಸಿದ ಬಾಡಿಗೆ ಯಾಕೆ? ಟಿಕೆಟ್ಟಿನಲ್ಲಿ ಭದ್ರತಾ ಶುಲ್ಕವೆಂದು ಕಾಣುವುದೊಂದೇ 236 ರೂಪಾಯಿ. ನಿಲ್ದಾಣದ ಬಳಕೆದಾರ ಶುಲ್ಕ ಬೇರೆ. 2024ರ 16.1 ಕೋಟಿ ಟಿಕೆಟ್ಟುಗಳಲ್ಲಿ ನೂರಕ್ಕೆ ಒಂದರಷ್ಟು ಹೀಗೆ ವ್ಯರ್ಥವಾಯಿತು ಎಂದು ಊಹಿಸಿಕೊಂಡರೂ ಆ ಒಂದು ಬಾಬತ್ತಿನಲ್ಲೇ 38 ಕೋಟಿ ರೂಪಾಯಿ. ತಪ್ಪಿಹೋದ ವಿಮಾನದ ಟಿಕೆಟ್ಟನ್ನು ಹರಿದು ಎಸೆಯುವ ಮೊದಲು ಕಂಪನಿಗೆ ಬರೆದು ಕೇಳಿ. ವಾಪಸು ಕೊಡುವ ಆ ಕೆಲಸಕ್ಕೆ ಮಾತ್ರ ಕಂಪನಿ ಯಾವ ಹೆಚ್ಚುವರಿ ಶುಲ್ಕವನ್ನೂ ಹಾಕುವಂತಿಲ್ಲ ಎಂದು ನಿಯಮದಲ್ಲೇ ಬರೆದಿದೆ.